ಅಕ್ಕನ ಪಾಲಿನ ಜ್ಯೇಷ್ಠಮಧು

ಶಿರಸಿಯ ಹಳೇ ಪೇಟೆಯಲ್ಲಿ ನಾರುಬೇರು ಮಾರುವ ಒಂದು ಗ್ರಂಥಿಗೆ ಅಂಗಡಿ ಇನ್ನೂ ಉಳಿದುಕೊಂಡಿದೆ. ಈ ವರ್ಷ ಶುಭ ಶುಕ್ರವಾರದ ಮಧ್ಯಾಹ್ನ ನಾನೂ ಅಕ್ಕನೂ ಯಲ್ಲಾಪುರದ ಬಸ್ಸಿಳಿದು ಇಗರ್ಜಿಯ ಕಡೆ ನಡೆಯುವಾಗ ಆ ಅಂಗಡಿಯವರು ಯಾವುದೋ ಚೀಲದ ಬಾಯಿ ಬಿಚ್ಚಿದರು. ಒಣಬೇರಿನ ಆ ಮಂದ ಸಿಹಿ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಹೊಟ್ಟೆಯಲ್ಲಿ ಹಳೆಯ ಉರಿಯೊಂದು ಎದ್ದು ಕೂತಿತು. ಜ್ಯೇಷ್ಠಮಧು! ನಿಮಗೆಲ್ಲ ಅದು ಕೆಮ್ಮಿನ ಔಷಧಿ ಇರಬಹುದು. ನನಗೆ ಅದು ನಮ್ಮಕ್ಕ ಫಿಲೋಮಿನಾಳ ವಾಸನೆ. ನಮ್ಮ ಮನೆಯಲ್ಲಿ ದೇವರ ಪೀಠದ ಕೆಳಗಿನ ಹಲಗೆಯ ಮೇಲೆ, ಮೇಣದಬತ್ತಿಯ ಪೊಟ್ಟಣದ ಪಕ್ಕ ಒಂದು ಗಾಜಿನ ಭರಣಿ ಇತ್ತು. ಮಾಯ್, ಅಂದರೆ ನಮ್ಮಮ್ಮ, ಬೆಳಿಗ್ಗೆ ಎದ್ದು ಶಿಲುಬೆಯ ಗುರುತು ಹಾಕಿಕೊಂಡವಳೇ ಆ ಭರಣಿಯಿಂದ ಒಂದು ತುಂಡು ಬೇರು ಮುರಿದು ಅಕ್ಕನ ಕೈಗೆ ಕೊಡುತ್ತಿದ್ದಳು. ಅಕ್ಕ ಅದನ್ನು ದವಡೆಯಲ್ಲಿ ಇಟ್ಟುಕೊಂಡು ಮಹಾರಾಣಿಯ ಹಾಗೆ ಅಂಗಳದಲ್ಲಿ ತಿರುಗುತ್ತಿದ್ದಳು. ನಾನೂ ಒಮ್ಮೆ ಕೈ ಚಾಚಿದೆ. "ನಿಂಗೆಂತಕ್ಕೆ ಮಾರಾಯ್ತಿ? ನೀ ಎಂತ ಹಾಡ್ತೀಯಾ?" ಅಂದಳು ಮಾಯ್, ಬೈಯುವ ದನಿಯಲ್ಲಲ್ಲ, ನಿಜಕ್ಕೂ ಆಶ್ಚರ್ಯವಾದವಳ ಹಾಗೆ. ಆ ಆಶ್ಚರ್ಯವೇ ನನ್ನನ್ನು ಹೆಚ್ಚು ಸುಟ್ಟಿತು. ನಮ್ಮದು ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ಕನ್ನಡ. ಮನೆಯವರ ಮಾತನ್ನೆಲ್ಲ ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಉರಿಗೆ ಮಾತ್ರ ಭಾಷಾಂತರ ಬೇಕಾಗುವುದಿಲ್ಲ.

ಇಗರ್ಜಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಬೀದಿಗೆ ತೆರೆದ ಕೋಣೆ ಅಪ್ಪನ ಟೇಲರಿಂಗ್ ಅಂಗಡಿ, ಪರದೆ ಸರಿಸಿದರೆ ನಮ್ಮ ಸಂಸಾರ. ಹೊಸ ಬಟ್ಟೆಯ ಗಂಜಿ, ಮಶೀನಿನ ಎಣ್ಣೆ, ಇದ್ದಿಲ ಇಸ್ತ್ರಿಪೆಟ್ಟಿಯ ಬಿಸಿ, ಒಳಗಿನಿಂದ ಮೀನುಸಾರಿನ ಹುಳಿ, ಇವೆಲ್ಲ ಸೇರಿದ ಒಂದು ವಾಸನೆ ಆ ಮನೆಗಿತ್ತು. ಪಾದ್ರಿಗಳ ಬಿಳಿ ನಿಲುವಂಗಿಯಿಂದ ಹಿಡಿದು ಹೆಗಡೆಯವರ ಮನೆ ಹುಡುಗಿಯರ ಲಂಗದವರೆಗೆ ಅಪ್ಪ ಹೊಲಿಯದ ಬಟ್ಟೆ ಇರಲಿಲ್ಲ. ಮಾಯ್ ಪರದೆಯ ಹಿಂದೆ ಕೂತು ಗುಂಡಿಯ ಕಾಜಾ ಮಾಡುತ್ತಿದ್ದಳು. ವಾರವೆಲ್ಲ ಮಶೀನು ತುಳಿದ ಅಪ್ಪನ ಅದೇ ಕಾಲು ಭಾನುವಾರ ಇಗರ್ಜಿಯಲ್ಲಿ ಪೆಡಲಿನ ಹಾರ್ಮೋನಿಯಂ ತುಳಿಯುತ್ತಿತ್ತು. ಅಪ್ಪ ಅಲ್ಲಿಯ ಹಾಡಿನ ಮೇಳದ ಮಾಸ್ತರು. ಅಂಗಡಿಯಲ್ಲಿ ತುಂಬ ಕಡಿಮೆ ಮಾತಿನ ಮನುಷ್ಯ, ಹಾಡು ಕಲಿಸುವಾಗ ಮಾತ್ರ ಸಿಟ್ಟಿನ ಕೆಂಡ. ಬೇರೆಯವರಿಗೆ ತಾಳ ತಪ್ಪಿದರೆ ಸ್ಕೇಲಿನಿಂದ ಮೇಜು ಕುಟ್ಟುವವನು ಅಕ್ಕ ಬಾಯಿ ತೆರೆದರೆ ಕಣ್ಣು ಮುಚ್ಚಿಬಿಡುತ್ತಿದ್ದ. ನಾನು ಹಾಡುವಾಗಲೂ ಅಪ್ಪ ಕಣ್ಣು ಮುಚ್ಚಲಿ ಎಂದು ಎಷ್ಟು ಆಸೆಪಟ್ಟಿದ್ದೆ ಅಂದರೆ, ಒಂದು ಸಲ ನಿಜಕ್ಕೂ ಮುಚ್ಚಿದ. ನೋಡಿದರೆ ಕಣ್ಣಿಗೆ ಕಸ ಬಿದ್ದಿತ್ತು.

ಅಕ್ಕನ ಗಂಟಲು ಹೇಗಿತ್ತು ಅಂತ ಹೇಳಲಿ? ಸಣ್ಣದಲ್ಲ, ಇಂಪು ಅನ್ನುವಂಥದೂ ಅಲ್ಲ. ತುಸು ಒರಟು. ಆದರೆ ಅವಳು ಶುರು ಮಾಡಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಮುದುಕರೂ ಎದ್ದು ಕೂರುತ್ತಿದ್ದರು. ಅದಕ್ಕೇ ವರ್ಷ ವರ್ಷವೂ ಅವಳೇ ವೆರೋನಿಕಾ. ಗೊತ್ತಿಲ್ಲದವರಿಗೆ ಹೇಳಬೇಕು. ಶುಭ ಶುಕ್ರವಾರದ ಸಂಜೆ ಯೇಸುವಿನ ಮೂರ್ತಿಯನ್ನು ಹೊತ್ತು ಮೆರವಣಿಗೆ ಹೊರಡುತ್ತದೆ. ಅಂದು ಇಗರ್ಜಿಯ ಗಂಟೆ ಹೊಡೆಯುವಂತಿಲ್ಲ, ಅದರ ಬದಲು ಮರದ ಹಲಗೆಗೆ ಮರದ ಸುತ್ತಿಗೆ ಕಟಕಟ ಬಡಿಯುವ ಒಂದು ಸಾಧನವನ್ನು ಅಲ್ಲಾಡಿಸುತ್ತ ಹೋಗುತ್ತಾರೆ. ದಾರಿಯಲ್ಲಿ ಮೆರವಣಿಗೆ ನಿಂತಾಗ, ಮೈತುಂಬ ಕಪ್ಪು ಉಟ್ಟ ಮದುವೆಯಾಗದ ಹುಡುಗಿಯೊಬ್ಬಳು ಸ್ಟೂಲಿನ ಮೇಲೆ ಹತ್ತಿ, ಸುರುಳಿ ಸುತ್ತಿದ ಬಿಳಿ ಬಟ್ಟೆಯನ್ನು ಮೆಲ್ಲನೆ ಬಿಚ್ಚುತ್ತಾಳೆ. ಅದರಲ್ಲಿ ಯೇಸುವಿನ ಮುಖ ಬರೆದಿರುತ್ತದೆ. ಶಿಲುಬೆ ಹೊತ್ತು ಹೋಗುವ ಯೇಸುವಿನ ಮುಖ ಒರೆಸಿದವಳು ವೆರೋನಿಕಾ. ಬಟ್ಟೆ ಬಿಚ್ಚುತ್ತ ಅವಳು ಒಬ್ಬಳೇ, ಹಾರ್ಮೋನಿಯಂ ಇಲ್ಲದೆ, ಅಜ್ಜಂದಿರ ಕಾಲದಿಂದ ಬಂದ ಲ್ಯಾಟಿನ್ ಹಾಡೊಂದನ್ನು ಹಾಡಬೇಕು. ಅರ್ಥ ಯಾರಿಗೂ ಗೊತ್ತಿರಲಿಲ್ಲ, ಅಳು ಎಲ್ಲರಿಗೂ ಬರುತ್ತಿತ್ತು. ಆ ಸ್ಟೂಲು ಅಪ್ಪನ ಅಂಗಡಿಯದು. ವರ್ಷವಿಡೀ ನಾನು ಅದರ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದೆ. ಆ ಒಂದು ದಿನ ಅಕ್ಕ ಹತ್ತಿ ನಿಂತರೆ ಅದು ಬೇರೆಯೇ ಸ್ಟೂಲಾಗಿಬಿಡುತ್ತಿತ್ತು.

ಇಗರ್ಜಿ ಒಂದೇ ಅವಳನ್ನು ನುಂಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ದೇವರ ಮೇಲೆ ಹೊಟ್ಟೆಕಿಚ್ಚು ಪಟ್ಟು ಏನು ಮಾಡುವುದು? ಆದರೆ ಅಕ್ಕ ಕಾಲೇಜಿಗೆ ಸೇರಿದ ವರ್ಷ ಹಾನಗಲ್ ಕಡೆಯ ಶಿವಪ್ಪ ಮಾಸ್ತರು ಕೋಟು ಹೊಲಿಸಲು ಬಂದರು. ಮದುವೆಯ ರಿಸೆಪ್ಶನ್ನುಗಳಲ್ಲಿ ಸಿನಿಮಾ ಹಾಡು ಹೇಳುವ ಆರ್ಕೆಸ್ಟ್ರಾ ಅವರದು. ಅಪ್ಪ ಅಳತೆ ತೆಗೆಯುತ್ತಿದ್ದಾಗ ಪರದೆಯ ಹಿಂದೆ ಅಕ್ಕ ಪಾತ್ರೆ ತೊಳೆಯುತ್ತ ಏನನ್ನೋ ಗುನುಗುತ್ತಿದ್ದಳು. ಮಾಸ್ತರು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟರು. "ಟೇಲರ್ ಸಾಹೇಬ್ರ, ನಿಮ್ಮ ಮಗಳ ಗಂಟಲಾಗ ದೇವ್ರು ಕುಂತಾನ್ರೀ. ನಮಗೂ ಒಂದೀಟು ಕೊಡ್ರಿ," ಅಂದರು. ಅಪ್ಪ ಸೀಸಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅಳತೆಯ ಟೇಪನ್ನು ಪೂರ್ತಿ ಸುತ್ತಿದ. ಕೊನೆಗೆ, "ಕಳಿಸ್ತೇನೆ. ಆದ್ರೆ ತಪಸ್ಸುಕಾಲದಲ್ಲಿ ಇಲ್ಲ. ಈಸ್ಟರ್ ಮುಗಿಯೋವರೆಗೆ ಅವಳ ಗಂಟಲು ಇಗರ್ಜಿದು," ಅಂದ. ಮಾಸ್ತರು ಒಪ್ಪಿದರು. ಮದುವೆಯ ಸೀಸನ್ನೂ ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ನಮ್ಮ ತಪಸ್ಸುಕಾಲವೂ ಪ್ರತಿ ವರ್ಷ ಒಂದರ ಮೇಲೊಂದು ಬೀಳುತ್ತವೆ ಎಂಬುದು ಆಮೇಲೆ ಅವರಿಗೆ ಗೊತ್ತಾಗಿರಬೇಕು, ಪಾಪ.

ಅಂದಿನಿಂದ ಅಪ್ಪನ ಮಶೀನಿನ ಮೇಲೆ ವೆರೋನಿಕಾಳ ಕಪ್ಪು ಬಟ್ಟೆಯ ಪಕ್ಕದಲ್ಲೇ ಅಕ್ಕನ ಚಮಕಿಯ ಚೂಡಿದಾರ ಬಂತು. ನನಗೆ? ಎರಡರಲ್ಲೂ ಉಳಿದ ತುಂಡು. ಆ ತುಂಡುಗಳಲ್ಲಿ ಮಾಯ್ ನನಗೊಂದು ಜೋಳಿಗೆ ಹೊಲಿದುಕೊಟ್ಟಳು, ಅರ್ಧ ಕಪ್ಪು, ಅರ್ಧ ಚಮಕಿ. ಅದನ್ನು ನೇತುಹಾಕಿಕೊಂಡು ಶಾಲೆಗೆ ಹೋಗುವಾಗ ನನ್ನ ಮುಖ ಹೇಗಿರುತ್ತಿತ್ತೋ ಊಹಿಸಿಕೊಳ್ಳಿ. ಊರಿನ ಬಾಯಿಗಂತೂ ಹಬ್ಬ. ಇಗರ್ಜಿಯ ಹೆಂಗಸರು, "ಫಿಲು ಈಗ ದೇವರ ಹಾಡನ್ನೂ ಸಿನಿಮಾ ಥರ ಎಳೀತಾಳಪ್ಪ" ಅಂದರು. ಶಿವಪ್ಪ ಮಾಸ್ತರು, "ಏನ್ ತಂಗಿ, ಪ್ರೇಮದ ಹಾಡು ಹಾಡು ಅಂದ್ರ ಪ್ರಾರ್ಥನಿ ಮಾಡ್ದಂಗ ಹಾಡ್ತಿಯಲ್ಲ" ಅಂದರು. ಅಕ್ಕ ಎರಡೂ ಕಡೆ ನಗುತ್ತಿದ್ದಳು. ಆದರೆ ಒಳಗೆ ಅವಳಿಗೆ ಸಮಾಧಾನ ಇರಲಿಲ್ಲ ಎಂಬುದು ನನಗೆ ಗೊತ್ತು. ಒಂದೇ ಮಂಚದಲ್ಲಿ ಮಲಗುವವರು ನಾವು. ಹೊಟ್ಟೆಕಿಚ್ಚಿನವರಷ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡುವವರು ಬೇರೆ ಯಾರಿದ್ದಾರೆ? ಸ್ಟೇಜು ಹತ್ತುವ ಮೊದಲು ಸ್ಪೀಕರಿನ ಹಿಂದೆ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಕೊರಳಿನ ಶಿಲುಬೆಯನ್ನು ಚಮಕಿಯ ಒಳಗೆ ತೂರಿಸುತ್ತಿದ್ದಳೇ ಹೊರತು ತೆಗೆಯುತ್ತಿರಲಿಲ್ಲ. ಒಮ್ಮೆ ನಾನು ಚುಚ್ಚುವುದಕ್ಕೆಂದೇ, "ನಿನ್ನ ಹಾಡು ದೇವರಿಗೋ ಜನರಿಗೋ?" ಅಂದೆ. "ಇರೋದು ಒಂದೇ ಗಂಟಲು ಕಣೇ. ಎರಡು ಕೊಟ್ಟಿದ್ರೆ ಹಂಚಿ ಹಾಡ್ತಿದ್ದೆ," ಅಂದಳು. ಆ ಹಂಚಿಕೆಯಲ್ಲಿ ಮನೆಯ ಪಾಲು ಸೊನ್ನೆ. ಗಂಟಲು ಉಳಿಸಬೇಕು ಅಂತ ಮನೆಯಲ್ಲಿ ಅವಳು ಪಿಸುಮಾತೇ ಆಡುತ್ತಿದ್ದಳು. ನನಗೆ ಅಂತ ಒಂದು ಜೋಗುಳವನ್ನೂ ಅವಳು ಹಾಡಲಿಲ್ಲ.

ಹೀಗಿರುವಾಗ ಅವಳ ಗೆಳತಿ ವೀಣಾಳ ಮದುವೆ ಗೊತ್ತಾಯಿತು. ಸಿದ್ದಾಪುರದ ಕಡೆಯ ಹವ್ಯಕರ ಹುಡುಗಿ, ಕಾಲೇಜಿನಲ್ಲಿ ಅಕ್ಕನ ಜೀವದ ಗೆಳತಿ. ಮುಹೂರ್ತ ಬಂದದ್ದು ತಪಸ್ಸುಕಾಲದ ನಡುಮಧ್ಯದಲ್ಲಿ. ವೀಣಾ ಅಂಗಡಿಗೇ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ಫಿಲೂ, ರಿಸೆಪ್ಶನ್ನಿಗೆ ನೀ ಹಾಡ್ಲೇಬೇಕು. ನೀ ಬರದಿದ್ರೆ ಆನೂ ಸ್ಟೇಜಿಗೆ ಬತ್ನಿಲ್ಲೆ, ನೋಡ್ಕ್ಯ!" ಅಂದಳು. ಅಪ್ಪ ಮಶೀನು ನಿಲ್ಲಿಸಲಿಲ್ಲ. ಅವಳು ಹೋದ ಮೇಲೆ ಅಕ್ಕ ಅಪ್ಪನ ಮುಂದೆ ನಿಂತು, "ಒಂದೇ ಹಾಡು ಅಪ್ಪಾ. ದೇವರ ಹಾಡೇ ಹಾಡಿ ಇಳಿದು ಬರ್ತೇನೆ," ಅಂದಳು. "ನಿನ್ನಿಷ್ಟ," ಅಂದ ಅಪ್ಪ. ನಮ್ಮ ಮನೆಯಲ್ಲಿ ಆ ಪದದ ಅರ್ಥ ಎಲ್ಲರಿಗೂ ಗೊತ್ತಿತ್ತು. ತಪಸ್ಸುಕಾಲದಲ್ಲಿ ಬೇರೆ ಹಾಡು ಹಾಡಿದವಳಿಗೆ ಆ ವರ್ಷ ವೆರೋನಿಕಾಳ ಸ್ಟೂಲು ಇಲ್ಲ. ಆ ದಿನಗಳಲ್ಲಿ ಪೀಠದ ಮುಂದೆ ಮೊಣಕಾಲೂರಿ ನಾನು ಬೇಡಿಕೊಂಡದ್ದು ಒಂದೇ: ದೇವರೇ, ಅವಳು ಹೋಗಲಿ. ಅಷ್ಟು ಮನಸಾರೆ ನಾನು ಮತ್ತೆಂದೂ ಪ್ರಾರ್ಥನೆ ಮಾಡಿಲ್ಲ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪ ಇಲ್ಲ, ಸುಳ್ಳು ಯಾಕೆ ಹೇಳಲಿ.

ಅವಳು ಹೋದಳು. ಮೊದಲು ದೇವರ ಹಾಡನ್ನೇ ಹಾಡಿದಳಂತೆ. ಆಮೇಲೆ ವೀಣಾ ಕೇಳಿದಳು, ವೀಣಾಳ ಗಂಡ ಕೇಳಿದ, ಊಟದ ಪಂಕ್ತಿಯಿಂದ ಕೈ ತೊಳೆದು ಬಂದವರೆಲ್ಲ ಕೇಳಿದರು. ಪಾತ್ರೆ ತೊಳೆಯುವವರೂ ಬಂದು ನಿಂತರಂತೆ. ಅಕ್ಕ ಸ್ಟೇಜಿನಿಂದ ಇಳಿಯಲೇ ಇಲ್ಲ. ಸುದ್ದಿ ಅವಳಿಗಿಂತ ಮೊದಲೇ ಶಿರಸಿ ತಲುಪಿತ್ತು. ಮರುದಿನ ಅವಳು ಮನೆಗೆ ಬಂದಾಗ ಅಪ್ಪ ಬೈಯಲಿಲ್ಲ. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ನನ್ನ ಕಡೆ ತಿರುಗಿ, "ಬಾ ಇಲ್ಲಿ, ನೆಟ್ಟಗೆ ನಿಂತ್ಕೋ," ಅಂದ. ನನ್ನ ಭುಜ ಅಳೆದ. ತೋಳು ಅಳೆದ. ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಚಮಕಿಯ ಬಟ್ಟೆಯ ಚೀಲ. ಅಪ್ಪ ಅವಳ ಸ್ಟೂಲನ್ನು ಕಿತ್ತು ನನಗೆ ಕೊಟ್ಟಿದ್ದ. ಟೇಪಿನ ತಣ್ಣನೆಯ ತುದಿ ನನ್ನ ಕತ್ತಿಗೆ ತಾಗಿದ್ದು ಈಗಲೂ ನೆನಪಿದೆ. ಅಂಥ ಸುಖ ನನಗೆ ಮದುವೆಯಲ್ಲಿ ತಾಳಿ ಕಟ್ಟಿಸಿಕೊಳ್ಳುವಾಗಲೂ ಆಗಿಲ್ಲ.

ಹಾಡು ಕಲಿಯುವುದು ಮಾತ್ರ ಸುಖವಾಗಿರಲಿಲ್ಲ. ನಡುವೆ ಒಂದು ಕಡೆ ಸ್ವರ ಮೇಲೇರಿ ಅಲ್ಲೇ ನಿಲ್ಲಬೇಕು. ನನ್ನ ಉಸಿರು ಸಾಲುತ್ತಿರಲಿಲ್ಲ. ಅಪ್ಪ ಸ್ಕೇಲಿನಿಂದ ಮೇಜು ಕುಟ್ಟಿದ, ಆಮೇಲೆ ಶ್ರುತಿ ಇಳಿಸಿದ, ಆಮೇಲೆ ಸುಮ್ಮನೆ ಕಿಟಕಿಯ ಹೊರಗೆ ನೋಡತೊಡಗಿದ. ಪರದೆಯ ಹಿಂದೆ ಅಕ್ಕ ಈರುಳ್ಳಿ ಹೆಚ್ಚುವ ಸದ್ದು ನಾನು ಆ ಜಾಗಕ್ಕೆ ಬಂದಾಗಲೆಲ್ಲ ನಿಂತುಹೋಗುತ್ತಿತ್ತು. ಮೆರವಣಿಗೆಯ ಮುನ್ನಾದಿನ, ಗುರುವಾರ ಸಂಜೆ ಊಟಕ್ಕೆ ಕೂತರೆ ನನ್ನ ತಟ್ಟೆಯ ಪಕ್ಕ ಒಂದು ತುಂಡು ಜ್ಯೇಷ್ಠಮಧು. ಇಟ್ಟದ್ದು ಮಾಯ್ ಅಲ್ಲ, ಅಕ್ಕ. ಆ ದಿನಗಳಲ್ಲಿ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಗಬಕ್ಕನೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅಯ್ಯೋ, ಇಷ್ಟೇನಾ! ಸಪ್ಪೆ ಸಿಹಿ, ನಾರು ನಾರು, ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಓಕರಿಕೆ ಬರುವಂತಾಯಿತು. ಅಕ್ಕ ನೋಡುತ್ತಿದ್ದಳು, ಉಗಿಯುವ ಹಾಗೂ ಇರಲಿಲ್ಲ. ಇದಕ್ಕಾಗಿಯೇ ಇಷ್ಟು ವರ್ಷ ಸುಟ್ಟುಕೊಂಡೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಶುಕ್ರವಾರ ಮುಂಬಯಿಯಿಂದ ನಮ್ಮ ಸೋದರತ್ತೆಯ ಮಗ ಜೋಕಿಮ್ ಬಂದ, ಹೆಗಲಲ್ಲಿ ಹೊಸ ಟೇಪ್ ರೆಕಾರ್ಡರು. ಫಿಲುವಿನ ವೆರೋನಿಕಾ ಹಾಡನ್ನು ರೆಕಾರ್ಡು ಮಾಡಿಕೊಳ್ಳಲೆಂದೇ ಬಂದಿದ್ದ. ಕ್ಯಾಸೆಟ್ಟಿನ ಮೇಲೆ ಮೊದಲೇ ಅಕ್ಕನ ಹೆಸರು ಬರೆದುಕೊಂಡೂ ಬಂದಿದ್ದ! ಕಪ್ಪು ಬಟ್ಟೆಯಲ್ಲಿ ನನ್ನನ್ನು ಕಂಡು ಅವನ ಮುಖ ಇಳಿದದ್ದನ್ನು ನಾನು ಮರೆತಿಲ್ಲ. "ಹೋಗ್ಲಿ ಬಿಡು, ಬ್ಯಾಟರಿ ಹಾಕಿ ಆಗಿದೆ," ಎಂದು ಉಪಕಾರ ಮಾಡುವವನ ಹಾಗೆ ಬಟನ್ ಒತ್ತಿದ. ಮರದ ಸದ್ದು ನಿಂತಿತು. ಸ್ಟೂಲು ಹತ್ತಿದೆ. ಸುರುಳಿ ಬಟ್ಟೆ ಬಿಚ್ಚಿದೆ, ಹಾಡಿದೆ. ಮೇಲಿನ ಸ್ವರದ ನಡುವೆ ಒಂದು ಸಣ್ಣ ಉಸಿರು ಕದ್ದೆ, ಮತ್ತೆ ಹಿಡಿದೆ, ಮುಗಿಸಿದೆ. ಚೆನ್ನಾಗಿತ್ತು, ಹೌದು, ಚೆನ್ನಾಗಿಯೇ ಹಾಡಿದೆ. ಎಲ್ಲ ಕಡೆ ಮೌನ. ಆ ಮೌನವನ್ನು ಮನಸ್ಸು ತುಂಬ ಹೀರಿಕೊಳ್ಳಬೇಕು ಅನ್ನುವಷ್ಟರಲ್ಲಿ, ಎದುರಿಗೇ ನಿಂತಿದ್ದ ಕಣ್ಣು ಮಂಜಾದ ಮುದುಕಿ ಕಾರ್ಮಿನ್‌ಬಾಯಿ ಗಟ್ಟಿಯಾಗಿ ಕೇಳಿದಳು: "ಫಿಲು ಎಲ್ಲಿ?"

ಮನೆಗೆ ಬಂದು ಕಪ್ಪು ಬಟ್ಟೆ ಬಿಚ್ಚುವಾಗ ಬೆನ್ನಿನ ಹುಕ್ಕು ಕೈಗೆ ಸಿಗಲಿಲ್ಲ. ಅಕ್ಕ ಹಿಂದೆ ಬಂದು ಬಿಚ್ಚತೊಡಗಿದಳು. ಒಂದೊಂದೇ ಹುಕ್ಕು ತೆಗೆಯುತ್ತ, "ಮೇಲಿನ ಸ್ವರದಲ್ಲಿ ಉಸಿರು ತಗೊಂಡೆ. ಅಲ್ಲಿ ತಗೊಳ್ಳಬಾರದು," ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿ ನಿಂತು, "ನಿಂಗೆ ಹೊಟ್ಟೆಕಿಚ್ಚು!" ಎಂದು ಕಿರುಚಿದೆ. ಅವಳು ಬಟ್ಟೆಯ ತೋಳನ್ನು ನೇರ ಮಾಡುತ್ತ ನಿಂತಳು. ಆಮೇಲೆ, "ಹೌದು," ಅಂದಳು. ಅಷ್ಟೇ. ನಾನು ಎಷ್ಟೋ ವರ್ಷದಿಂದ ಕಾದಿದ್ದ ಮಾತು ಅದು. ಬಂದಾಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ನನಗೆ ತಿಳಿಯಲಿಲ್ಲ.

ಮುಂದಿನ ತಪಸ್ಸುಕಾಲದಲ್ಲಿ ಅಕ್ಕ ಒಂದು ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಲಿಲ್ಲ. ಶಿವಪ್ಪ ಮಾಸ್ತರು ಬೇರೆ ಹುಡುಗಿಯನ್ನು ಹುಡುಕುತ್ತೇನೆಂದು ಹೆದರಿಸಿದರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಅಪ್ಪ ಆ ಕಪ್ಪು ಬಟ್ಟೆಯ ಹೊಲಿಗೆ ಬಿಚ್ಚುತ್ತಿದ್ದ. ಹೋದ ವರ್ಷ ನನ್ನ ಅಳತೆಗೆಂದು ಒಳಗೆ ಹಿಡಿದ ಬಟ್ಟೆಯನ್ನು ಅವನು ಕತ್ತರಿಸಿರಲೇ ಇಲ್ಲ, ಮಡಿಸಿ ಒಳಗೇ ಬಿಟ್ಟಿದ್ದ. ಹಿಗ್ಗಿಸಿದರೆ ಮತ್ತೆ ಅಕ್ಕನ ಅಳತೆ. "ಹೋದ ವರ್ಷಾನೇ ಗೊತ್ತಿತ್ತಾ ಅಪ್ಪಾ?" ಅಂದೆ. ಅಪ್ಪ ದಾರದ ತುಂಡುಗಳನ್ನು ಊದಿ ಹಾರಿಸಿ, "ಕತ್ತರಿಸಿದ್ರೆ ಮತ್ತೆ ಜೋಡಿಸ್ಲಿಕ್ಕೆ ಬರೂದಿಲ್ಲ ಮಗಾ," ಅಂದ, ಬಟ್ಟೆಯ ಬಗ್ಗೆ. ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಮಾಯ್ ಬಂದು ಏನೆಂದು ಕೇಳಿದರೆ ಕಣ್ಣಿಗೆ ಸೋಪು ಬಿತ್ತು ಅಂದೆ.

ಆಮೇಲಿನ ಕಾಲ ಸರಸರ ಸರಿದುಹೋಯಿತು. ಅಕ್ಕ ಹುಬ್ಬಳ್ಳಿಗೆ ಹೋಗಿ ನೆಲೆಸಿದಳು, ಮದುವೆಯಾಗಲಿಲ್ಲ, ಊರೂರು ತಿರುಗಿ ಹಾಡಿದಳು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ದಿನ ತಪ್ಪದೆ ಬಸ್ಸಿಳಿದು ಮನೆಗೆ ಬಂದು, ಚಮಕಿಯ ಚೀಲವನ್ನು ಮಂಚದ ಕೆಳಗೆ ತಳ್ಳಿ, ಈಸ್ಟರ್ ತನಕ ಇಗರ್ಜಿಯಲ್ಲಿ ಮಾತ್ರ ಹಾಡಿದಳು. ನಾನು ಯಲ್ಲಾಪುರಕ್ಕೆ ಮದುವೆಯಾಗಿ ಹೋದೆ. ಅಪ್ಪ ಹೋದ, ಮಾಯ್ ಹೋದಳು. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಪರದೆಯ ಹಿಂದಿನ ನಮ್ಮ ಸಂಸಾರ ಅವರ ಗೋದಾಮು. ಕೆಲವು ವರ್ಷಗಳ ಹಿಂದೆ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಉಳಿಯಲಿಲ್ಲ. ಈಗ ನನ್ನ ಮನೆಯಲ್ಲೇ ಇದ್ದಾಳೆ. ಮಾತಾಡಿದರೆ ಒಣ ಎಲೆ ತುಳಿದ ಹಾಗೆ ಒಂದು ಸಣ್ಣ ಸದ್ದು. ಅವಳ ಹಾಡನ್ನಾದರೂ ಕೇಳೋಣ ಎಂದು ನಾನು ಗೊತ್ತಿದ್ದವರ ಮನೆಗಳ ಮದುವೆ ವಿಡಿಯೋಗಳನ್ನೆಲ್ಲ ತರಿಸಿದೆ. ಅಕ್ಕ ಮೈಕು ಹಿಡಿದು ನಿಂತಿದ್ದಾಳೆ, ಬಾಯಿ ಆಡುತ್ತಿದೆ. ಕೇಳುವುದು ಮಾತ್ರ ವಿಡಿಯೋದವರು ಆಮೇಲೆ ಸೇರಿಸಿದ ಸಿನಿಮಾ ಹಾಡು. ಎಲ್ಲದರಲ್ಲೂ ಅಷ್ಟೇ. ವೀಣಾಳ ಮದುವೆಯದರಲ್ಲೂ ಅಷ್ಟೇ.

ಈ ವರ್ಷದ ವೆರೋನಿಕಾ ಹತ್ತನೇ ಕ್ಲಾಸಿನ ಒಂದು ಹುಡುಗಿ. ಅವಳಿಗೆ ಆ ಹಾಡು ಬರುವುದಿಲ್ಲವಂತೆ. ಇಗರ್ಜಿಯ ಹುಡುಗರು ಜೋಕಿಮನ ಮನೆಯಿಂದ ಅಕ್ಕನ ಹೆಸರಿದ್ದ ಹಳೆಯ ಕ್ಯಾಸೆಟ್ಟು ತರಿಸಿ ಪೆನ್‌ಡ್ರೈವಿಗೆ ಹಾಕಿಸಿದ್ದರು. ಮೆರವಣಿಗೆ ನಿಂತಾಗ ಮೈಕಿನಲ್ಲಿ ಹೇಳಿದರು: "ಈಗ ನಮ್ಮ ಊರಿನ ಹೆಮ್ಮೆಯ ಗಾಯಕಿ ಫಿಲೋಮಿನಾ ಅವರ ಧ್ವನಿಯಲ್ಲಿ." ಎಲ್ಲರೂ ಅಕ್ಕನ ಕಡೆ ತಿರುಗಿದರು. ಸ್ವರ ಹೋದ ಮೇಲೂ ಇವಳದೇ ಹಾಡು ಎಂದುಕೊಂಡೆ. ಹುಡುಗಿ ಸುರುಳಿ ಬಟ್ಟೆ ಬಿಚ್ಚಿದಳು. ಸ್ಪೀಕರಿನಲ್ಲಿ ಮೊದಲು ಗೊರಗೊರ, ಮರದ ಸದ್ದು, ಆಮೇಲೆ ಹಾಡು. ಒಳ್ಳೆಯ ಗಂಟಲು, ತುಸು ಹೆದರಿದ ಗಂಟಲು. ಸ್ವರ ಮೇಲೇರಿತು, ಏರಿ ನಿಂತಿತು, ನಡುವೆ ಒಂದು ಸಣ್ಣ ಉಸಿರು. ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ ನನ್ನ ಕೈ ಹಿಡಿದುಕೊಂಡು, ಕಿವಿಗೆ ಬಾಯಿ ಹಚ್ಚಿ, "ಅಲ್ಲಿ ತಗೊಳ್ಳಬಾರದು ಅಂತ ಹೇಳಿದ್ದೆ," ಅಂದಳು. ನೋಡಿದರೆ ಅವಳು ನಗುತ್ತಿದ್ದಳು, ಕಣ್ಣು ತುಂಬಿಕೊಂಡಿತ್ತು.

ಹಾಡು ಮುಗಿದ ಮೇಲೆ ಜನ ಸುತ್ತ ಕವಿದರು. "ಫಿಲುಬಾಯಿ, ಎಂಥ ಗಂಟಲಿತ್ತು ನಿಮ್ಮದು!" ಎಂದು ಅಕ್ಕನ ಕೈ ಹಿಡಿದು ಅತ್ತರು. ಅಕ್ಕ ತಲೆ ಅಲ್ಲಾಡಿಸಿ, ನನ್ನ ಕಡೆ ಬೆರಳು ಮಾಡಿ, "ನಾನಲ್ಲ, ಇವಳು, ಇವಳು ಹಾಡಿದ್ದು," ಅಂದಳು. ಅಷ್ಟರಲ್ಲಿ ಮರದ ಕಟಕಟ ಶುರುವಾಗಿತ್ತು. ಅವಳ ಮಾತು ಯಾರಿಗೂ ಕೇಳಲಿಲ್ಲ. "ಹೌದು ಹೌದು, ತಂಗಿ ನೋಡ್ಕೊಳ್ತಾಳೆ, ಪುಣ್ಯ," ಎಂದು ತಲೆಯಾಡಿಸಿದರು. ಗಟ್ಟಿಯಾಗಿ ಹೇಳುವ ಗಂಟಲು ನನ್ನ ಹತ್ತಿರ ಇತ್ತು. ಜೀವಮಾನದಲ್ಲಿ ಒಂದೇ ಸಲ ನಾನು ಗೆದ್ದದ್ದು, ಅದೂ ಅವಳ ಹೆಸರಿಗೆ ಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದ್ದರೆ ಅವರು ಮರುಕ್ಷಣವೇ, ಅಂದು ಕಾರ್ಮಿನ್‌ಬಾಯಿ ಕೇಳಿದ ಹಾಗೆಯೇ ಕೇಳುತ್ತಿದ್ದರು: ಹಾಗಾದರೆ ಫಿಲು ಎಲ್ಲಿ? ಕ್ಯಾಸೆಟ್ಟಿನಲ್ಲಿ ಇಲ್ಲ, ಮದುವೆಯ ವಿಡಿಯೋಗಳಲ್ಲಿ ಇಲ್ಲ, ನನ್ನ ಕೈ ಹಿಡಿದು ನಿಂತವಳ ಗಂಟಲಲ್ಲೂ ಇಲ್ಲ.

"ಅಕ್ಕಂದೇ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಅಕ್ಕನೇ ಹಾಡಿದ್ದು."